ಏರುವಾಗ ಉಸಿರು, ಇಳಿಯುವಾಗ ಮೊಣಕಾಲು

ಬೆಂಗಳೂರಿನಿಂದ ರಾತ್ರಿ ಹೊರಟ ಬಸ್ಸು ಕುಕ್ಕೆ ಸುಬ್ರಹ್ಮಣ್ಯಕ್ಕೆ ಬಂದು ನಿಲ್ಲುವಾಗ ಇನ್ನೂ ಸರಿಯಾಗಿ ಬೆಳಕು ಹರಿದಿರುವುದಿಲ್ಲ. ಇಳಿಯುವವರಲ್ಲಿ ಎರಡು ಬಗೆ. ಆಶ್ಲೇಷಾ ಬಲಿಗೋ ಸರ್ಪಸಂಸ್ಕಾರಕ್ಕೋ ಬಂದ ಕುಟುಂಬದವರು ಒಂದು ಕಡೆ. ಅವರ ಜೊತೆ ಬಟ್ಟೆಯ ಚೀಲ, ನಿದ್ದೆಗಣ್ಣಿನ ಮಕ್ಕಳು. ಬೆನ್ನಿಗೆ ಚೀಲ ಏರಿಸಿಕೊಂಡ ಹುಡುಗ ಹುಡುಗಿಯರು ಇನ್ನೊಂದು ಕಡೆ. ಈ ಎರಡನೆಯ ಗುಂಪಿನಲ್ಲಿ ಮೊದಲ ಸಲ ಬೆಟ್ಟ ಹತ್ತುವವನೊಬ್ಬ ಇದ್ದೇ ಇರುತ್ತಾನೆ. ಅವನನ್ನು ಗುರುತಿಸುವುದು ಕಷ್ಟವಲ್ಲ. ಅವನ ಬೂಟು ಹೊಸದು, ಅವನ ಚೀಲ ಎಲ್ಲರ ಚೀಲಕ್ಕಿಂತ ಭಾರ. ಗುಂಪಿನಲ್ಲಿ ಎಲ್ಲರಿಗಿಂತ ಮುಂದೆ ನಡೆಯುವವನೂ ಅವನೇ, ಮೊದಲ ಅರ್ಧ ಗಂಟೆಯ ಮಟ್ಟಿಗೆ.

ಅವರು ಹೊರಟಿರುವುದು ಕುಮಾರ ಪರ್ವತಕ್ಕೆ. ದಕ್ಷಿಣ ಕನ್ನಡ, ಕೊಡಗು, ಹಾಸನ ಜಿಲ್ಲೆಗಳು ಕೂಡುವ ಕಡೆ ನಿಂತಿರುವ, ಪುಷ್ಪಗಿರಿ ಎಂಬ ಹೆಸರೂ ಇರುವ ಈ ಶಿಖರದ ಎತ್ತರ 1712 ಮೀಟರ್. ತಾರಕಾಸುರನನ್ನು ಕೊಂದ ಕುಮಾರಸ್ವಾಮಿ ತನ್ನ ಆಯುಧವನ್ನು ತೊಳೆದ ಹೊಳೆಯೇ ಕೆಳಗಿನ ಕುಮಾರಧಾರಾ ಎಂಬುದು ಸ್ಥಳಪುರಾಣ. ಅಂಕಿಯ ಲೆಕ್ಕದಲ್ಲಿ ಇದು ರಾಜ್ಯದ ಅತಿ ಎತ್ತರದ ಬೆಟ್ಟವೇನಲ್ಲ. ಆ ಪಟ್ಟ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಗೆ ಸೇರಿದ್ದು. ಅದು ಸುಮಾರು 1930 ಮೀಟರ್. ಆದರೆ ಮುಳ್ಳಯ್ಯನಗಿರಿಯ ತುದಿಯ ಹತ್ತಿರದವರೆಗೂ ವಾಹನ ಹೋಗುತ್ತದೆ. ಉಳಿದ ಕೆಲವು ನೂರು ಮೆಟ್ಟಿಲು ಹತ್ತಿದರೆ ಮುಳ್ಳಪ್ಪಸ್ವಾಮಿಯ ಗದ್ದುಗೆ. ಕುಕ್ಕೆ ಊರು ಇರುವುದಾದರೋ ಸಮುದ್ರಮಟ್ಟದಿಂದ ಬರೀ ನೂರಿಪ್ಪತ್ತು ಮೀಟರಿನಷ್ಟು ಮೇಲೆ. ಅಲ್ಲಿಂದ ಸುಮಾರು 13 ಕಿಲೋಮೀಟರ್ ನಡೆದು 1600 ಮೀಟರಿನಷ್ಟು ಏರಬೇಕು. ಮೈಸೂರಿನ ಚಾಮುಂಡಿ ಬೆಟ್ಟ ಬುಡದಿಂದ ತುದಿಗೆ ಏರುವುದು ಹೆಚ್ಚುಕಡಿಮೆ 300 ಮೀಟರ್. ಹಾಗೆ ನೋಡಿದರೆ ಕುಕ್ಕೆಯ ಹಾದಿ ಎಂದರೆ ಐದು ಚಾಮುಂಡಿ ಬೆಟ್ಟಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗೆ. ಕಾಲಿಗೆ ಸಮುದ್ರಮಟ್ಟದ ಲೆಕ್ಕ ತಿಳಿಯದು. ಬುಡದಿಂದ ತುದಿಗೆ ಎಷ್ಟು ಎಂಬುದೊಂದೇ ಅದಕ್ಕೆ ತಿಳಿಯುವ ಲೆಕ್ಕ.

ಊರು ದಾಟಿದ ಕೂಡಲೇ ದಟ್ಟ ಕಾಡು. ಹಾದಿ ನೇರವಾಗಿ ಏರುತ್ತದೆ. ಮಳೆಯಲ್ಲಿ ಮಣ್ಣು ಕೊಚ್ಚಿಹೋಗಿ ಮರದ ಬೇರುಗಳೇ ಮೆಟ್ಟಿಲುಗಳಾಗಿವೆ. ಇಲ್ಲಿಯೇ ನಮ್ಮ ಹೊಸಬನಿಗೆ ಮೊದಲ ಅನುಭವವಾಗುವುದು. ಎದೆ ಡವಗುಟ್ಟುತ್ತದೆ, ಬಾಯಿ ಒಣಗುತ್ತದೆ, ಅರ್ಧ ಗಂಟೆ ಮುಂದಿದ್ದವನು ಬಂಡೆಯೊಂದರ ಮೇಲೆ ಕೂತುಬಿಡುತ್ತಾನೆ. ‘ಮೇಲೆ ಹೋದ ಹಾಗೆ ಆಮ್ಲಜನಕ ಕಡಿಮೆಯಾಗುತ್ತದಲ್ಲ, ಅದಕ್ಕೇ’ ಎಂದು ಶಾಲೆಯಲ್ಲಿ ಓದಿದ್ದನ್ನು ನೆನಪಿಸಿಕೊಳ್ಳುವುದೂ ಉಂಟು. ಪಾಪ, ಆಮ್ಲಜನಕದ ತಪ್ಪು ಇದರಲ್ಲಿ ಏನೂ ಇಲ್ಲ. ಎತ್ತರದಿಂದ ಬರುವ ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಸುಮಾರು 2500 ಮೀಟರ್ ದಾಟಿದ ಮೇಲೆ. ಕರ್ನಾಟಕದ ಯಾವ ಬೆಟ್ಟವೂ ಅಷ್ಟು ಎತ್ತರವಿಲ್ಲ. ತಪ್ಪಿರುವುದು ನಡಿಗೆಯ ವೇಗದಲ್ಲಿ. ಸಮತಟ್ಟಾದ ರಸ್ತೆಯಲ್ಲಿ ನಡೆಯುವ ವೇಗವನ್ನೇ ಅವನು ಏರಿನಲ್ಲೂ ಇಟ್ಟುಕೊಂಡಿದ್ದಾನೆ. ಏರಿನಲ್ಲಿ ಕಾಲು ಮೈಯನ್ನು ಮುಂದಕ್ಕೆ ಒಯ್ದರೆ ಸಾಲದು, ಪ್ರತಿ ಹೆಜ್ಜೆಗೂ ಮೇಲಕ್ಕೆ ಎತ್ತಬೇಕು. ಅರವತ್ತು ಕಿಲೋ ತೂಕದವನು ಹತ್ತು ಕಿಲೋ ಚೀಲ ಹೊತ್ತಿದ್ದರೆ ಎತ್ತಬೇಕಾದ ತೂಕ ಎಪ್ಪತ್ತು ಕಿಲೋ. ಸ್ನಾಯು ಕೇಳುವಷ್ಟು ಆಮ್ಲಜನಕವನ್ನು ಹೃದಯ ಮತ್ತು ಶ್ವಾಸಕೋಶ ಒದಗಿಸಲಾರದೆ ಹೋದಾಗ ಮೈ ಸೋಲುತ್ತದೆ. ಕೂತು ಸುಧಾರಿಸಿಕೊಂಡು ಮತ್ತೆ ಓಡಿ ಮತ್ತೆ ಕೂರುವವನಿಗಿಂತ, ನಿಲ್ಲದೆ ನಿಧಾನವಾಗಿ ನಡೆಯುವವನು ಮೊದಲು ತಲುಪುತ್ತಾನೆ. ಪಕ್ಕದವನ ಜೊತೆ ಮಾತಾಡಿಕೊಂಡು ಹೋಗಲು ಆಗುವಷ್ಟು ವೇಗವೇ ಸರಿಯಾದ ವೇಗ ಎಂಬುದು ಅನುಭವಿಗಳ ಅಳತೆ.

ಈ ಅಳತೆ ನಮ್ಮ ಹಿರಿಯರಿಗೆ ಹೊಸದಾಗಿರಲಿಲ್ಲ. ಹರಕೆ ಹೊತ್ತ ಹೆಂಗಸರು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿಗೂ ಅರಿಸಿನ ಕುಂಕುಮ ಇಡುತ್ತಾ ಹತ್ತುವುದನ್ನು ಮೈಸೂರಿನವರು ನೋಡಿಯೇ ಇರುತ್ತಾರೆ. ಮೆಟ್ಟಿಲಿಗೊಮ್ಮೆ ಬಗ್ಗಿ ಏಳುವವರು ಅವಸರ ಮಾಡುವುದಾದರೂ ಹೇಗೆ? ಗಟ್ಟಿಯಾಗಿ ದೇವರ ಹೆಸರು ಕೂಗುತ್ತಾ ಏರುವವನಿಗೂ ಉಸಿರು ಮೀರುವಷ್ಟು ಓಡಲು ಬರುವುದಿಲ್ಲ. ಆ ಮೆಟ್ಟಿಲುಗಳು 17ನೇ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರ ಕಾಲದವು. ಏಳುನೂರನೆಯ ಮೆಟ್ಟಿಲಿನ ಆಸುಪಾಸಿನಲ್ಲಿ, ಹತ್ತುವವನ ತೊಡೆ ಸೋಲುವ ಹೊತ್ತಿಗೆ, ಏಕಶಿಲೆಯ ದೊಡ್ಡ ನಂದಿ ಎದುರಾಗುತ್ತದೆ. ಅಲ್ಲಿ ನಿಂತು ಕೈಮುಗಿಯದೆ ಯಾರೂ ಮುಂದೆ ಹೋಗುವುದಿಲ್ಲ. ಭಕ್ತಿಯ ಜೊತೆಗೆ ವಿಶ್ರಾಂತಿಯೂ ಆಯಿತು. ನಂದಿಯನ್ನು ಅಲ್ಲಿ ಕಡೆದವರ ಮನಸ್ಸಿನಲ್ಲಿ ಇದೇ ಇತ್ತು ಎಂದು ಹೇಳಲಾಗದು, ಆದರೆ ಪರಿಣಾಮ ಮಾತ್ರ ಅದೇ.

ಹಾಗೆ ನೋಡಿದರೆ ‘ಸುಮ್ಮನೆ ಬೆಟ್ಟ ಹತ್ತುವುದು’ ಎಂಬುದೇ ಹೊಸ ವಿಚಾರ. ನಮ್ಮ ನಾಡಿನಲ್ಲಿ ಬೆಟ್ಟ ಹತ್ತದವರಿರಲಿಲ್ಲ, ಆದರೆ ಕೆಲಸವಿಲ್ಲದೆ ಹತ್ತಿದವರು ಕಡಿಮೆ. ಜೇನಿಗೆ, ಸೌದೆಗೆ, ಹುಲ್ಲಿಗೆ, ತಪ್ಪಿಸಿಕೊಂಡ ದನ ಹುಡುಕುವುದಕ್ಕೆ ಹತ್ತಿದರು. ಮಧುಗಿರಿ, ಸಾವನದುರ್ಗಗಳಲ್ಲಿ ಕೋಟೆ ಕಾಯುವುದಕ್ಕೆ ಹತ್ತಿದರು. ರಸ್ತೆಗಳಾಗುವ ಮೊದಲು ಹೇರಿನ ಎತ್ತುಗಳು ಕರಾವಳಿಯ ಉಪ್ಪನ್ನು ಹೊತ್ತು ಘಟ್ಟ ಹತ್ತುತ್ತಿದ್ದವು, ಮೇಲಿನ ಸೀಮೆಯ ಅಕ್ಕಿಯನ್ನು ಹೊತ್ತು ಇಳಿಯುತ್ತಿದ್ದವು. ತಲೆಹೊರೆಯವರು ಇನ್ನೊಬ್ಬರ ಸಹಾಯವಿಲ್ಲದೆ ಹೊರೆ ಇಳಿಸಿ ಮತ್ತೆ ಹೊತ್ತುಕೊಳ್ಳುವಂತೆ ಆಳೆತ್ತರದ ಕಲ್ಲುಗಳನ್ನು ಹಳೆಯ ಹಾದಿಗಳಲ್ಲಿ ನಿಲ್ಲಿಸಿರುವುದನ್ನು ಈಗಲೂ ಅಲ್ಲಲ್ಲಿ ಕಾಣಬಹುದು. ಉಳಿದಂತೆ ಬೆಟ್ಟ ಹತ್ತಿಸುತ್ತಿದ್ದವನು ದೇವರು. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಬಂಡೆಯಲ್ಲೇ ಕೊರೆದ ಆರುನೂರಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಹತ್ತಬೇಕು. ಚಿಕ್ಕಮಗಳೂರು ಬಳಿಯ ದೇವೀರಮ್ಮನ ಬೆಟ್ಟಕ್ಕೆ ಸಾವಿರಾರು ಜನ ಹೋಗುವುದು ದೀಪಾವಳಿಯ ನರಕ ಚತುರ್ದಶಿಗೆ. ಕತ್ತಲಿನಲ್ಲೇ ಹೊರಡುವವರಲ್ಲಿ ಬರಿಗಾಲಿನ ಅಜ್ಜಿಯರೂ ಇರುತ್ತಾರೆ. ದುಬಾರಿ ಬೂಟು ತೊಟ್ಟ ಪಟ್ಟಣದ ಹುಡುಗ ಜಾರಿದ ಕಡೆ ಅವರು ಜಾರುವುದಿಲ್ಲ. ಬರಿಗಾಲಿನವರ ಹೆಜ್ಜೆ ಚಿಕ್ಕದು, ಊರುವ ಮುನ್ನ ನೆಲವನ್ನು ಮುಟ್ಟಿ ನೋಡುವಂಥದು.

ಬೇರೆ ಕಾರಣವಿಲ್ಲದೆ, ಮೇಲಿಂದ ಹೇಗೆ ಕಾಣುತ್ತದೆ ಎಂದು ನೋಡುವ ಆಸೆಯಿಂದಲೇ ಬೆಟ್ಟ ಹತ್ತಿದೆ ಎಂದು ಬರೆದಿಟ್ಟವರಲ್ಲಿ ಪ್ರಸಿದ್ಧನಾದವನು ಇಟಲಿಯ ಕವಿ ಪೆಟ್ರಾರ್ಕ್. 1336ರ ಏಪ್ರಿಲ್ 26ರಂದು ಆತ ತನ್ನ ತಮ್ಮ ಗೆರಾರ್ಡೊನ ಜೊತೆ ದಕ್ಷಿಣ ಫ್ರಾನ್ಸಿನ ವೆಂಟೂ ಪರ್ವತವನ್ನು ಹತ್ತಿದನಂತೆ. ಅದರ ಎತ್ತರ ಸುಮಾರು 1910 ಮೀಟರ್, ಮುಳ್ಳಯ್ಯನಗಿರಿಯಷ್ಟೇ ಎನ್ನಬಹುದು. ಆತನ ಪತ್ರವನ್ನು ಓದಿದರೆ ಮೊದಲ ಸಲದವನ ಪಾಡು ಆರುನೂರಾ ಚಿಲ್ಲರೆ ವರ್ಷಗಳಲ್ಲಿ ಏನೇನೂ ಬದಲಾಗಿಲ್ಲ ಎನಿಸುತ್ತದೆ. ಬುಡದಲ್ಲಿ ಸಿಕ್ಕಿದ ಮುದಿ ಕುರುಬನೊಬ್ಬ ಅಣ್ಣತಮ್ಮಂದಿರನ್ನು ತಡೆಯುತ್ತಾನೆ. ಐವತ್ತು ವರ್ಷದ ಹಿಂದೆ ತಾನೂ ಹತ್ತಿದ್ದೆ, ದಕ್ಕಿದ್ದು ಪಶ್ಚಾತ್ತಾಪ, ಮುಳ್ಳಿಗೆ ಸಿಕ್ಕಿ ಹರಿದ ಬಟ್ಟೆ ಮಾತ್ರ ಎನ್ನುತ್ತಾನೆ. ಇವರು ಕೇಳುವುದಿಲ್ಲ. ಹೆಚ್ಚಿನ ಬಟ್ಟೆಬರೆಯನ್ನು ಅವನ ಬಳಿಯೇ ಬಿಟ್ಟು ಹೊರಡುತ್ತಾರೆ. ತಮ್ಮ ಕಡಿದಾದ ನೇರ ಹಾದಿ ಹಿಡಿಯುತ್ತಾನೆ. ಕವಿಗೆ ಕಷ್ಟ ಬೇಡ. ಸುಲಭದ ದಾರಿ ಹುಡುಕುತ್ತಾ ಪಕ್ಕಕ್ಕೆ ಹೋಗುತ್ತಾನೆ, ಹೋದಷ್ಟೂ ಕೆಳಗಿಳಿಯುತ್ತಾನೆ. ತಮ್ಮ ಮೇಲೆ ಕೂತು ದಣಿವಾರಿಸಿಕೊಂಡಿದ್ದರೆ ಅಣ್ಣ ಬೆವರು ಸುರಿಸುತ್ತಾ ಕಣಿವೆಯಲ್ಲಿ ಸುತ್ತುತ್ತಿರುತ್ತಾನೆ. ಇದು ಒಂದು ಸಲವಲ್ಲ, ಮತ್ತೆ ಮತ್ತೆ. ಕೊನೆಗೂ ತುದಿ ಮುಟ್ಟಿ, ಸಂತ ಆಗಸ್ಟೀನನ ‘ಕನ್‌ಫೆಷನ್ಸ್’ ತೆರೆದು ಓದಿ, ಹೊರಗಿನ ಬೆಟ್ಟ ನೋಡಿ ಬೆರಗಾಗುವವನು ತನ್ನೊಳಗನ್ನು ಮರೆತನಲ್ಲ ಎಂದು ನಾಚಿ, ಮಾತಿಲ್ಲದೆ ಇಳಿದು ಬರುತ್ತಾನೆ. ಈ ಪತ್ರ ಅಂದೇ ಬರೆದದ್ದಲ್ಲ, ವರ್ಷಗಳ ನಂತರ ತಿದ್ದಿ ತೀಡಿದ್ದು ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಆತ ಹತ್ತಿದ್ದನೇ ಎಂಬ ಸಂದೇಹವೂ ಕೆಲವರಿಗಿದೆ. ಅಡ್ಡದಾರಿಯ ಆ ವಿವರಗಳನ್ನು ಓದಿದವರಿಗೆ ಮಾತ್ರ ಸಂದೇಹ ಉಳಿಯುವುದು ಕಷ್ಟ. ಬೆಟ್ಟದಲ್ಲಿ ಪೇಚಾಡದವನು ಅದನ್ನು ಬರೆಯಲಾರ.

ಕನ್ನಡದಲ್ಲಿ ಈ ಬಗೆಯ ನಡಿಗೆಗೆ ಈಗ ‘ಚಾರಣ’ ಎಂಬ ಹೆಸರು ನಿಂತಿದೆ. ಹಳಗನ್ನಡದ ಜೈನ ಕಾವ್ಯಗಳನ್ನು ಓದಿದವರಿಗೆ ಈ ಪದ ನಗು ತರಿಸಬಹುದು. ಅಲ್ಲಿ ಬರುವ ಚಾರಣ ಮುನಿಗಳು ತಪಸ್ಸಿನ ಬಲದಿಂದ ಆಕಾಶದಲ್ಲಿ ಸಂಚರಿಸುವವರು. ಕುಮಾರ ಪರ್ವತದ ಬೇರುಗಳ ಮೇಲೆ ಏದುಸಿರು ಬಿಡುತ್ತಾ ಕೂತ ಚಾರಣಿಗನಿಗೆ ಅಂಥದೊಂದು ವಿದ್ಯೆ ಇದ್ದಿದ್ದರೆ ಎಂದು ಒಮ್ಮೆಯಾದರೂ ಅನ್ನಿಸದೆ ಇರದು. ಇಂಗ್ಲಿಷಿನ ‘ಟ್ರೆಕ್’ ಎಂಬ ಪದವೇ ಹೆಚ್ಚು ಪ್ರಾಮಾಣಿಕ. ದಕ್ಷಿಣ ಆಫ್ರಿಕದ ಡಚ್ ಮೂಲದವರು ಎತ್ತಿನ ಗಾಡಿಗಳಲ್ಲಿ ಮಾಡುತ್ತಿದ್ದ ದೂರದ ಪಯಣಗಳಿಂದ ಅದು ಬಂದದ್ದು. ಮೂಲದಲ್ಲಿ ಅದರ ಅರ್ಥ ‘ಎಳೆ’ ಎಂದು.

ಮತ್ತೆ ಹಾದಿಗೆ ಬರೋಣ. ಸುಧಾರಿಸಿಕೊಂಡು ಎದ್ದ ಹೊಸಬ, ಎದುರಿಗೆ ಇಳಿದು ಬರುವವರನ್ನೆಲ್ಲ ಕೇಳುವ ಪ್ರಶ್ನೆ ಒಂದೇ: ಇನ್ನೆಷ್ಟು ದೂರ? ಊರಿನವರಾದರೆ ಉತ್ತರವೂ ಒಂದೇ. ‘ಹೆಚ್ಚೇನಿಲ್ಲ ಮಾರಾಯ್ರೆ, ಇನ್ನು ಸ್ವಲ್ಪವೇ ಉಂಟು.’ ಇದು ಸುಳ್ಳೂ ಅಲ್ಲ, ಸಮಾಧಾನವೂ ಅಲ್ಲ. ದಿನವೂ ನಡೆಯುವವರಿಗೆ ಅದು ನಿಜವಾಗಿಯೂ ಸ್ವಲ್ಪವೇ. ಆದರೆ ಹೊಸಬನಿಗೆ ಬೇಕಾದದ್ದು ದೂರದ ಲೆಕ್ಕವಲ್ಲ, ಹೊತ್ತಿನ ಲೆಕ್ಕ. ಇದನ್ನು ಮೊದಲು ಸೂತ್ರವಾಗಿ ಹೇಳಿದವನು ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್, 1892ರಲ್ಲಿ. ನಡೆಯುವ ಪ್ರತಿ ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಏರುವ ಪ್ರತಿ ಎರಡು ಸಾವಿರ ಅಡಿಗೆ ಇನ್ನೊಂದು ಗಂಟೆ. ನಮ್ಮ ಹಿಂದಿನವರ ‘ಹರದಾರಿ’ಯೂ ಸುಮಾರು ಮೂರು ಮೈಲಿಯೇ ಎಂಬುದು ಸ್ವಾರಸ್ಯದ ಸಂಗತಿ. ಕುಕ್ಕೆಯ ಹಾದಿಗೆ ಈ ಸೂತ್ರ ಹಚ್ಚಿ ನೋಡಿ. ಎಂಟು ಮೈಲಿಗೆ ಎರಡೂ ಮುಕ್ಕಾಲು ಗಂಟೆ, ಐದು ಸಾವಿರದ ಇನ್ನೂರು ಅಡಿಯ ಏರಿಗೆ ಎರಡೂವರೆ ಗಂಟೆಗಿಂತ ತುಸು ಹೆಚ್ಚು. ಒಟ್ಟು ಐದೂಕಾಲು ಗಂಟೆಯ ಮೇಲಾಯಿತು. ಇದು ಪಳಗಿದ ಕಾಲಿಗೆ, ಅದೂ ಎಲ್ಲಿಯೂ ನಿಲ್ಲದೆ ನಡೆದರೆ. ಮೊದಲ ಸಲದವನು ಏಳು ಗಂಟೆ ಇಟ್ಟುಕೊಳ್ಳುವುದು ಕ್ಷೇಮ. ಬೆಳಿಗ್ಗೆ ಆರಕ್ಕೆ ಹೊರಟರೆ ತುದಿ ಮುಟ್ಟುವಾಗ ಮಧ್ಯಾಹ್ನ ಒಂದು. ಇಳಿಯಲು ಐದು ಗಂಟೆ ಎಂದರೂ ಸಂಜೆ ಆರು. ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಅದೇ ಹೊತ್ತಿಗೆ, ಮರಗಳ ಅಡಿಯಲ್ಲಿ ಕತ್ತಲಾಗುವುದು ಅದಕ್ಕೂ ಮೊದಲು. ಎಂಟು ಗಂಟೆಗೆ ಕಾಫಿ ತಿಂಡಿ ಮುಗಿಸಿ ಹೊರಟವನ ಗತಿಯನ್ನು ಓದುಗರೇ ಕೂಡಿಸಿ ನೋಡಬಹುದು. ಬೆಟ್ಟದಲ್ಲಿ ದಾರಿ ತಪ್ಪುವವರು ಹೆಚ್ಚಾಗಿ ತಪ್ಪುವುದು ಹಗಲಿನಲ್ಲಿ ಏರುವಾಗಲ್ಲ, ದಣಿದು ಅವಸರದಲ್ಲಿ ಇಳಿಯುವಾಗ. ಅದಕ್ಕೇ ಇಷ್ಟು ಗಂಟೆಗೆ ಎಲ್ಲಿದ್ದರೂ ಹಿಂದಿರುಗುವುದು ಎಂದು ಬುಡದಲ್ಲಿಯೇ ನಿಶ್ಚಯ ಮಾಡಿಕೊಳ್ಳುವ ಪದ್ಧತಿ ಇದೆ. ತುದಿ ಅರ್ಧ ಗಂಟೆ ದೂರದಲ್ಲಿ ಕಾಣುತ್ತಿರುವಾಗ ಈ ನಿಶ್ಚಯವನ್ನು ಉಳಿಸಿಕೊಳ್ಳುವುದು ಇಡೀ ಬೆಟ್ಟ ಹತ್ತುವುದಕ್ಕಿಂತ ಕಷ್ಟ.

ಭೀಮನ ಬಂಡೆ ದಾಟಿ, ಅರ್ಧದ ಹತ್ತಿರ ಬಂದಾಗ ಕಾಡು ಸರಿದು ಗಿರಿಗದ್ದೆ ಸಿಗುತ್ತದೆ. ಚಾರಣಿಗರಿಗೆ ಅನ್ನ ಬಡಿಸಿ ಹೆಸರಾದ ‘ಭಟ್ಟರ ಮನೆ’ ಇರುವುದು ಇಲ್ಲಿ. ಅರಣ್ಯ ಇಲಾಖೆಯ ತಪಾಸಣೆಯೂ ಇದರ ಹತ್ತಿರದಲ್ಲೇ. ಮುಂದೆ ನೆರಳಿಲ್ಲ. ಎದೆಮಟ್ಟದ ಹುಲ್ಲು, ನೆತ್ತಿಯ ಮೇಲೆ ಬಿಸಿಲು, ಒಂದು ಗುಡ್ಡ ಮುಗಿಯಿತು ಎನ್ನುವಾಗ ಅದರ ಹಿಂದೆ ಇನ್ನೊಂದು. ‘ದೂರದ ಬೆಟ್ಟ ನುಣ್ಣಗೆ’ ಎಂಬ ಗಾದೆಯನ್ನು ಪರೀಕ್ಷೆಯಲ್ಲಿ ವಿಸ್ತರಿಸಿ ಬರೆದವನಿಗೆ ಅದರ ಅರ್ಥವಾಗುವುದು ಈ ಹುಲ್ಲುಗಾವಲಿನಲ್ಲಿ. ಕೆಳಗಿನಿಂದ ಹಸಿರು ಮಕಮಲ್ಲಿನಂತೆ ಕಂಡದ್ದು ಹತ್ತಿರದಲ್ಲಿ ಕಾಲಿನಡಿ ಉರುಳುವ ಕಲ್ಲುಗಳ ಹಾದಿ. ಇಲ್ಲಿ ಬೆವರು ಗಂಟೆಗೆ ಒಂದು ಲೀಟರಿನಷ್ಟು ಹೋದರೂ ಆಶ್ಚರ್ಯವಿಲ್ಲ, ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ಬರೀ ನೀರು ಕುಡಿದವನಿಗಿಂತ ಜೊತೆಗೆ ಚಿಟಿಕೆ ಉಪ್ಪು, ಒಂದು ತುಂಡು ಬೆಲ್ಲ ಇಟ್ಟುಕೊಂಡವನು ಮೇಲು. ಬಿಸಿಲಿನಲ್ಲಿ ನಡೆದು ಬಂದವರಿಗೆ ಮಲೆನಾಡಿನವರು ಮೊದಲು ಬೆಲ್ಲ ನೀರು ಕೊಡುವ ರೂಢಿಯಲ್ಲಿ ಲೋಕಜ್ಞಾನವಿದೆ. ಮಳೆ ಮುಗಿದ ಹೊಸದರಲ್ಲಾದರೆ ಕಾಡಿನಲ್ಲಿ ಅಂಟಿಕೊಂಡ ಇಂಬಳ ಬೂಟಿನೊಳಗೆ ಇರುವುದು ತಿಳಿಯುವುದೂ ಇಲ್ಲಿಗೆ ಬಂದು ಕೂತಾಗಲೇ. ಅದು ಕಚ್ಚಿದ್ದು ನೋಯುವುದಿಲ್ಲ, ಆದರೆ ಅದರ ಜೊಲ್ಲಿನಲ್ಲಿರುವ ಒಂದು ವಸ್ತು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ಕಾಲ್ಚೀಲ ಕೆಂಪಾದುದನ್ನು ನೋಡಿ ಹೊಸಬ ಗಾಬರಿಯಾಗುತ್ತಾನೆ. ಹಳಬರು ಸುಣ್ಣವನ್ನೋ ಹೊಗೆಸೊಪ್ಪನ್ನೋ ಹುಡುಕುತ್ತಾರೆ.

ಕಲ್ಲು ಮಂಟಪದಲ್ಲಿ ತುಸು ಕೂತು, ಶೇಷಪರ್ವತ ಹತ್ತಿ, ಅದರಾಚೆ ಒಂದಿಷ್ಟು ಇಳಿದು, ಗಿಡ್ಡ ಮರಗಳ ಶೋಲಾ ಕಾಡು ಹೊಕ್ಕು, ಇಳಿಜಾರಿನ ಬಂಡೆಯೊಂದನ್ನು ಕೈಕಾಲು ಊರಿ ಏರಿದರೆ ಕುಮಾರ ಪರ್ವತದ ತುದಿ. ಕಲ್ಲುಗಳನ್ನು ಒಟ್ಟಿದ ಒಂದು ಪುಟ್ಟ ಗುಡಿ. ಸುತ್ತ ಮೋಡ. ಮೋಡ ಸರಿದರೆ ಕೊಡಗಿನ ಕಡೆಯೂ ತುಳುನಾಡಿನ ಕಡೆಯೂ ಒಂದರ ಹಿಂದೆ ಒಂದು ನೀಲಿ ಬೆಟ್ಟಸಾಲು. ಸರಿಯದಿದ್ದರೆ ಹತ್ತು ಮಾರಿನ ಆಚೆ ಏನೂ ಇಲ್ಲ. ಕುಪ್ಪಳಿಯ ಕವಿಶೈಲದ ಮೇಲೆ ಸೂರ್ಯಾಸ್ತಕ್ಕಾಗಿ ಕೂರುತ್ತಿದ್ದ ಕುವೆಂಪು ಅವರನ್ನು ಓದಿ ಬೆಳೆದವರು ಇಲ್ಲಿ ಮೌನವಾಗಿರಬೇಕು ಎಂದುಕೊಳ್ಳಬಹುದು. ಮೊದಲ ಸಲದವನಿಗೆ ಅನ್ನಿಸುವುದು ಚಳಿ. ಒಂದು ಸಾವಿರ ಮೀಟರ್ ಏರಿದರೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಕುಕ್ಕೆಗೂ ಈ ತುದಿಗೂ ಹತ್ತು ಡಿಗ್ರಿಯ ಅಂತರ. ಬೆವರಿನಲ್ಲಿ ನೆನೆದ ಅಂಗಿ, ಬೀಸುವ ಗಾಳಿ. ಭಾರವೆಂದು ಸ್ವೆಟರನ್ನು ಕೆಳಗೆ ಬಿಟ್ಟು, ಮೂರು ಪೊಟ್ಟಣ ಚಿಪ್ಸು ಹೊತ್ತು ತಂದದ್ದು ನೆನಪಾಗುವುದು ಆಗ. ತುದಿಯಲ್ಲಿ ಬಿಡಾರ ಹೂಡಲು ಈಗ ಅನುಮತಿಯಿಲ್ಲ. ಹದಿನೈದು ಇಪ್ಪತ್ತು ನಿಮಿಷ, ಕೆಲವು ಫೋಟೋ, ಅಷ್ಟೆ.

ಬೆಟ್ಟ ಮುಗಿಯಿತು ಎಂದು ಅವನು ತಿಳಿದಿರುತ್ತಾನೆ. ಮುಗಿದಿರುವುದು ಅರ್ಧ. ಹತ್ತುವುದು ಕಷ್ಟ, ಇಳಿಯುವುದು ಸುಲಭ ಎಂಬ ತಿಳಿವಳಿಕೆ ಉಸಿರಿನ ಮಟ್ಟಿಗೆ ಸರಿ, ಕಾಲಿನ ಮಟ್ಟಿಗೆ ಪೂರಾ ತಪ್ಪು. ಬಾವಿಯಿಂದ ನೀರು ಸೇದುವವರಿಗೆ ಇದು ಬೇಗ ಅರ್ಥವಾದೀತು. ತುಂಬಿದ ಕೊಡವನ್ನು ಎಳೆಯುವಾಗ ತೋಳು ದಣಿಯುತ್ತದೆ. ಅದೇ ತುಂಬಿದ ಕೊಡವನ್ನು ಬಾವಿಯೊಳಕ್ಕೆ ನಿಧಾನವಾಗಿ ಇಳಿಬಿಡಬೇಕಾಗಿ ಬಂದರೆ? ಹಗ್ಗ ಅಂಗೈಯನ್ನು ಸುಲಿದುಬಿಡುತ್ತದೆ. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಮಾಡುವ ಕೆಲಸ ಈ ಎರಡನೆಯದು. ಏರುವಾಗ ಅದು ಕುಗ್ಗುತ್ತಾ ಎಳೆಯುತ್ತದೆ. ಇಳಿಯುವಾಗ ಮೈಯ ಭಾರವನ್ನು ತಡೆಹಿಡಿಯುತ್ತಲೇ ಹಿಗ್ಗಬೇಕಾಗುತ್ತದೆ. ಹೀಗೆ ಸಾವಿರಾರು ಸಲ ಆದಾಗ ಸ್ನಾಯುವಿನ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹರಿತಗಳು ಉಂಟಾಗುತ್ತವೆ. ಪ್ರತಿ ಹೆಜ್ಜೆ ಊರಿದಾಗಲೂ ಮೊಣಕಾಲಿನ ಮೇಲೆ ದೇಹದ ತೂಕದ ಹಲವು ಪಟ್ಟು ಒತ್ತಡ ಬೀಳುತ್ತದೆ. ಬೂಟಿನ ತುದಿಗೆ ಹೆಬ್ಬೆರಳು ಗುದ್ದಿ ಗುದ್ದಿ ಉಗುರು ಕಪ್ಪಾಗುತ್ತದೆ. ಉಗುರು ಕತ್ತರಿಸಿಕೊಂಡು ಹೊರಡಿ ಎಂದು ಹಿಂದಿನ ದಿನ ಯಾರೋ ಹೇಳಿದ್ದು ತಮಾಷೆಯಾಗಿರಲಿಲ್ಲ ಎಂದು ಆಗ ಗೊತ್ತಾಗುತ್ತದೆ. ಇದಕ್ಕೆ ಇರುವ ಉಪಾಯಗಳು ಹಳೆಯವೇ. ಹೆಜ್ಜೆ ಚಿಕ್ಕದಾಗಿರಲಿ, ಮೊಣಕಾಲು ತುಸು ಬಗ್ಗಿರಲಿ, ಕೈಯಲ್ಲೊಂದು ಕೋಲು ಇರಲಿ. ಕೋಲು ಮುದುಕರ ವಸ್ತು ಎಂದು ಬೆಳಿಗ್ಗೆ ನಕ್ಕವನು ಸಂಜೆ ಹಾದಿ ಬದಿಯಲ್ಲಿ ಬಿದ್ದ ಕೊಂಬೆಗಳನ್ನು ಆರಿಸತೊಡಗುತ್ತಾನೆ. ಕೈಗಳು ಹಂಚಿಕೊಂಡಷ್ಟು ಭಾರ ಮೊಣಕಾಲಿಗೆ ಕಡಿಮೆ.

ಇಳಿಯುವವನ ಕಣ್ಣು ನೆಲದ ಮೇಲಿರುತ್ತದೆ. ಏರುವಾಗ ಕಾಣದ್ದು ಆಗ ಕಾಣುತ್ತದೆ. ಮೂಲ ಹಾದಿಯ ಪಕ್ಕದಲ್ಲೇ ಇನ್ನೊಂದು, ಅದರ ಪಕ್ಕ ಮತ್ತೊಂದು; ಕಲ್ಲಿನ ಹಾದಿ ಬೇಡವೆಂದು ಹುಲ್ಲಿನ ಮೇಲೆ ಇಳಿದವರ ಗುರುತುಗಳು. ಹುಲ್ಲು ಸತ್ತ ಕಡೆ ಮಣ್ಣು ಬರಿದಾಗುತ್ತದೆ. ಪಶ್ಚಿಮ ಘಟ್ಟದ ಮಳೆ ಆ ಮಣ್ಣನ್ನು ಒಂದೆರಡು ವರ್ಷದಲ್ಲಿ ಕೊರಕಲು ಮಾಡುತ್ತದೆ. ಪುಷ್ಪಗಿರಿ ವನ್ಯಧಾಮ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಒಂದು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ಸಾಲು ರಜೆಗೆ ಇದೇ ಹಾದಿಯಲ್ಲಿ ಜಾತ್ರೆಯಂತೆ ಜನ ಸೇರಿದ ಚಿತ್ರಗಳು ಎಲ್ಲೆಡೆ ಹರಡಿ, ಸರ್ಕಾರ ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಅರಣ್ಯ ಇಲಾಖೆ ಆನ್‌ಲೈನ್ ಮುಂಗಡ ಟಿಕೆಟ್ ವ್ಯವಸ್ಥೆ ತಂದು, ಒಂದು ಹಾದಿಗೆ ದಿನಕ್ಕೆ 300 ಜನ ಎಂದು ಮಿತಿ ಹಾಕಿತು. ಮುಂಚೆಯೇ ಹೆಸರು ಬರೆಸಬೇಕೆಂಬುದು ಅನೇಕರಿಗೆ ಕಿರಿಕಿರಿ. ಆದರೆ ಮುನ್ನೂರು ಜನ ಎಂದರೆ ಹೋಗಿ ಬರುವುದಕ್ಕೆ ಆರುನೂರು ಜೊತೆ ಕಾಲು ತುಳಿದಂತೆ ಎಂಬುದನ್ನು ಆ ಕೊರಕಲುಗಳ ಬಳಿ ನಿಂತು ನೋಡಿದರೆ ಮಿತಿ ದೊಡ್ಡದಾಯಿತೇನೋ ಎಂದೇ ತೋರುತ್ತದೆ. ದೇವರ ಬೆಟ್ಟಗಳಿಗೆ ಜನ ಇದಕ್ಕಿಂತ ಹೆಚ್ಚು ಹೋಗುತ್ತಾರೆ ನಿಜ. ಅಲ್ಲಿ ತುಳಿಯುವುದು ಕಲ್ಲಿನ ಮೆಟ್ಟಿಲನ್ನು, ಇಲ್ಲವೇ ವರ್ಷಕ್ಕೊಂದು ಹಬ್ಬದಲ್ಲಿ.

ಕುಕ್ಕೆಯ ದೀಪಗಳು ಮರಗಳ ಸಂದಿನಲ್ಲಿ ಕಂಡಾಗ ಹೊಸಬ ಇನ್ನೆಂದೂ ಬೆಟ್ಟದ ಕಡೆ ತಲೆ ಹಾಕುವುದಿಲ್ಲ ಎಂದು ಶಪಥ ಮಾಡಿರುತ್ತಾನೆ. ನೋವು ಮಾತ್ರ ಇನ್ನೂ ಪೂರ್ತಿಯಾಗಿ ಬಂದಿರುವುದಿಲ್ಲ. ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿಕೊಂಡು ನೋಯುತ್ತದೆ ಎಂಬ ಮಾತು ಬಹಳ ಕಾಲ ಚಾಲ್ತಿಯಲ್ಲಿತ್ತು. ಅದು ನಡಿಗೆ ನಿಂತ ಒಂದೆರಡು ಗಂಟೆಯಲ್ಲಿ ರಕ್ತದಿಂದ ತೊಲಗಿಹೋಗುತ್ತದೆ. ನಿಜವಾದ ನೋವು ಆ ಸಣ್ಣ ಹರಿತಗಳದು. ಅವು ಬಾತುಕೊಂಡು ದುರಸ್ತಿಯಾಗುವ ಕೆಲಸ ಒಂದರಿಂದ ಮೂರನೆಯ ದಿನದವರೆಗೆ ಜೋರಾಗಿರುತ್ತದೆ. ಭಾನುವಾರ ಬೆಟ್ಟ ಇಳಿದವನು ಮಂಗಳವಾರ ಕಚೇರಿಯ ಮೆಟ್ಟಿಲನ್ನು ಸುಲಭವಾಗಿಯೇ ಹತ್ತುತ್ತಾನೆ. ಇಳಿಯುವುದಕ್ಕೆ ಮಾತ್ರ ಕಂಬಿ ಹಿಡಿದು, ಪಕ್ಕಕ್ಕೆ ತಿರುಗಿ, ಒಂದೊಂದೇ ಕಾಲು ಇಡುತ್ತಾನೆ. ಹೀಗೆ ಒಮ್ಮೆ ನೊಂದ ಸ್ನಾಯು ಕೆಲವು ವಾರಗಳ ಕಾಲ ಅದೇ ಕೆಲಸಕ್ಕೆ ಅಷ್ಟಾಗಿ ನೋಯುವುದಿಲ್ಲ ಎಂಬುದನ್ನು ವ್ಯಾಯಾಮ ವಿಜ್ಞಾನಿಗಳು ಖಚಿತಪಡಿಸಿದ್ದಾರೆ. ತಿಂಗಳೊಳಗೆ ಇನ್ನೊಂದು ಬೆಟ್ಟಕ್ಕೆ ಹೋದರೆ ಎರಡನೆಯ ಸಲ ಇಳಿಯುವುದು ಸಲೀಸು. ಕಂಬಿ ಹಿಡಿದು ನಿಂತವನಿಗೆ ಗೆಳೆಯರು ಮಂಗಳವಾರವೇ ಈ ವಿಷಯ ಹೇಳಿ, ಮುಂದಿನ ಟಿಕೆಟ್ಟಿಗೆ ಅವನ ಹೆಸರನ್ನೂ ಸೇರಿಸಿರುತ್ತಾರೆ.